ಕೂದಲಿಗೆ ಎಣ್ಣೆ: ಆಗುವ ಉಪಕಾರವೆಷ್ಟು, ಆಗದ್ದೇನು?

ನರಕ ಚತುರ್ದಶಿಯಂದು ನಸುಕಿನಲ್ಲೆದ್ದು, ಹಿರಿಯರಿಂದ ನೆತ್ತಿಗೆ ಎಣ್ಣೆ ಹಚ್ಚಿಸಿಕೊಂಡು, ಹಂಡೆಯ ಬಿಸಿನೀರಿನಲ್ಲಿ ಮೀಯುವುದು ನಮ್ಮಲ್ಲಿ ತಲೆತಲಾಂತರದಿಂದ ನಡೆದುಬಂದ ಪದ್ಧತಿ. ಕರಾವಳಿಯ ಮನೆಗಳಲ್ಲಿ ಅದು ತೆಂಗಿನೆಣ್ಣೆ. ಒಳನಾಡಿನಲ್ಲಿ ಹರಳೆಣ್ಣೆ ಅಥವಾ ಎಳ್ಳೆಣ್ಣೆ. ಜಿಡ್ಡು ತೆಗೆಯಲು ಸೀಗೆಪುಡಿ, ಇಲ್ಲವೆ ದಾಸವಾಳದ ಎಲೆ ಕಿವುಚಿದ ಲೋಳೆ. ಉದ್ಯೋಗವನ್ನರಸಿ ಮುಂಬಯಿ ಸೇರಿದ ನಮ್ಮ ಹಿರಿಯರು ಊರಿನಿಂದ ಮರಳುವಾಗ ಹಪ್ಪಳ, ಉಪ್ಪಿನಕಾಯಿಗಳೊಂದಿಗೆ ಗಾಣದ ಎಣ್ಣೆಯನ್ನೂ ತರುತ್ತಿದ್ದರು. ಇಂದು ಹಂಡೆಯ ಜಾಗದಲ್ಲಿ ಗೀಸರ್ ಬಂದಿದೆ. ಆದರೆ ಕೂದಲು ಉದುರಿದರೆ ಎಣ್ಣೆ ಹಚ್ಚಬೇಕೆಂಬ ನಂಬಿಕೆ ಮಾತ್ರ ಕದಲಿಲ್ಲ.

ಈ ನಂಬಿಕೆಯಲ್ಲಿ ಅರ್ಧ ಸತ್ಯವಿದೆ. ಉಳಿದರ್ಧವನ್ನು ನಾನು ಕಲಿತದ್ದು ನನ್ನ ಮನೆಯಲ್ಲಿಯೇ. ಕೆಲವು ವರ್ಷಗಳ ಹಿಂದೆ ಮಳೆಗಾಲದಲ್ಲಿ ನನ್ನ ಮಗಳಿಗೆ ಡೆಂಗ್ಯೂ ಜ್ವರ ಬಂದು ವಾಸಿಯಾಯಿತು. ಅದಾದ ಮೂರನೆಯ ತಿಂಗಳಿನಿಂದ ಬಾಚಣಿಗೆಗೆ ಮುಷ್ಟಿಗಟ್ಟಲೆ ಕೂದಲು ಬರತೊಡಗಿತು. ವಾರಕ್ಕೆ ಮೂರು ಸಲ ಎಣ್ಣೆ ತಿಕ್ಕಿದೆ. ಊರಿನಿಂದ ದೊಡ್ಡಮ್ಮ ಸೊಪ್ಪು ಹಾಕಿ ಕಾಯಿಸಿದ ಎಣ್ಣೆ ಕಳುಹಿಸಿದರು. ಕೊನೆಗೆ ಜಾಹೀರಾತನ್ನು ನಂಬಿ ದುಬಾರಿ ಬಾಟಲಿಯೊಂದನ್ನೂ ತಂದದ್ದಾಯಿತು. ಹೀಗೆ ನಾಲ್ಕು ತಿಂಗಳು ಕಳೆದವು. ರೈಲು ನಿಲ್ದಾಣದ ಸೇತುವೆ ಹತ್ತುವಾಗ ಅವಳಿಗೆ ಏದುಸಿರು ಬರುತ್ತಿದ್ದುದನ್ನು ಓಡಾಟದ ದಣಿವೆಂದೇ ಭಾವಿಸಿದ್ದೆವು. ಚರ್ಮರೋಗ ತಜ್ಞರು ರಕ್ತಪರೀಕ್ಷೆ ಮಾಡಿಸಿದಾಗ ತಿಳಿದದ್ದು, ಜ್ವರದ ಆಘಾತದ ಜೊತೆಗೆ ಅವಳ ದೇಹದಲ್ಲಿ ಕಬ್ಬಿಣಾಂಶ ತೀರ ಕುಸಿದಿತ್ತು ಎಂಬುದು. ಎಣ್ಣೆಯ ತಪ್ಪೇನೂ ಇರಲಿಲ್ಲ. ಅದರಿಂದಾಗದ ಕೆಲಸವನ್ನು ಅದಕ್ಕೆ ಒಪ್ಪಿಸಿ ಕಾದು ಕುಳಿತದ್ದು ನಮ್ಮ ತಪ್ಪು.

ಉದುರುವುದು ಬೇರೆ, ತುಂಡಾಗುವುದು ಬೇರೆ

ನಮಗೆ ಕಾಣುವ ಕೂದಲು ಜೀವವಿಲ್ಲದ ವಸ್ತು. ಕೆರಟಿನ್ ಎಂಬ ಪ್ರೋಟೀನಿನ ಎಳೆ. ಜೀವವಿರುವುದು ಚರ್ಮದೊಳಗಿನ ಬೇರಿನಲ್ಲಿ. ಆ ಬೇರಿಗೆ ಪೋಷಣೆ ದೊರೆಯುವುದು ರಕ್ತದ ಮೂಲಕವೇ ಹೊರತು ಮೇಲಿನಿಂದ ಸುರಿದ ಎಣ್ಣೆಯಿಂದಲ್ಲ. ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ. ಅಂದರೆ 60 ಸೆಂಟಿಮೀಟರ್ ಉದ್ದದ ಜಡೆಯ ತುದಿಗೆ ಐದು ವರ್ಷ ವಯಸ್ಸು. ಅಷ್ಟು ಕಾಲದ ಬಿಸಿಲು, ಸಾಬೂನು, ಬಾಚಣಿಗೆಗಳ ಪೆಟ್ಟನ್ನು ಅದು ತಿಂದಿರುತ್ತದೆ. ಸತ್ತ ಎಳೆ ತನ್ನನ್ನು ತಾನು ದುರಸ್ತಿ ಮಾಡಿಕೊಳ್ಳಲಾರದು.

ತಲೆಯ ಮೇಲಿರುವ ಸುಮಾರು ಒಂದು ಲಕ್ಷ ಕೂದಲುಗಳಲ್ಲಿ ದಿನಕ್ಕೆ 50ರಿಂದ 100 ಉದುರುವುದು ಸಹಜ. ಅದಕ್ಕಿಂತ ಹೆಚ್ಚೆನಿಸಿದರೆ ಮೊದಲು ಮಾಡಬೇಕಾದ ಪರೀಕ್ಷೆ ಬಹಳ ಸರಳ. ಬಿದ್ದ ಕೂದಲನ್ನು ಬಿಳಿಯ ಕಾಗದದ ಮೇಲಿಟ್ಟು ನೋಡಿರಿ. ಒಂದು ತುದಿಯಲ್ಲಿ ಸಣ್ಣ ಬಿಳಿ ಗಂಟಿದ್ದರೆ ಅದು ಬುಡದಿಂದ ಕಳಚಿ ಬಂದದ್ದು. ಗಂಟಿಲ್ಲದ ಗಿಡ್ಡ ತುಂಡುಗಳೇ ಹೆಚ್ಚಾಗಿದ್ದರೆ ಕೂದಲು ನಡುವೆ ಮುರಿಯುತ್ತಿದೆ ಎಂದರ್ಥ. ಎಣ್ಣೆಯ ಉಪಕಾರ ಮುಖ್ಯವಾಗಿ ಈ ಎರಡನೆಯ ತೊಂದರೆಗೆ.

ತೆಂಗಿನೆಣ್ಣೆಯ ವೈಶಿಷ್ಟ್ಯ

ಕೂದಲಿನ ಹೊರಪದರ ಮಂಗಳೂರು ಹಂಚಿನ ಮಾಡಿನಂತೆ. ಒಂದರ ಮೇಲೊಂದು ಹೊದಿಸಿದ ಸೂಕ್ಷ್ಮ ಚಕ್ಕೆಗಳ ಸಾಲು. ನೆನೆದಾಗ ಕೂದಲು ನೀರು ಹೀರಿ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಪದೇ ಪದೇ ಹೀಗಾದಾಗ ಚಕ್ಕೆಗಳು ಎದ್ದು, ಒಳಗಿನ ಪ್ರೋಟೀನು ಸೋರಿ, ಎಳೆ ಒರಟಾಗುತ್ತದೆ, ತುದಿ ಸೀಳುತ್ತದೆ. ಬಣ್ಣ ಹಾಕುವುದು, ರಾಸಾಯನಿಕಗಳಿಂದ ನೇರಗೊಳಿಸುವುದು, ಡ್ರೈಯರಿನ ಬಿಸಿಗಾಳಿ ಇವೆಲ್ಲ ಈ ಹಾನಿಯನ್ನು ಹೆಚ್ಚಿಸುತ್ತವೆ.

2003ರಲ್ಲಿ ಮುಂಬಯಿಯ ಮಾರಿಕೋ ಸಂಸ್ಥೆಯ ಸಂಶೋಧಕರು ತೆಂಗಿನೆಣ್ಣೆ, ಸೂರ್ಯಕಾಂತಿ ಎಣ್ಣೆ ಹಾಗೂ ಖನಿಜ ತೈಲ ಈ ಮೂರನ್ನೂ ಕೂದಲಿನ ಮೇಲೆ ಹೋಲಿಸಿ ನೋಡಿದರು. ತೊಳೆಯುವ ಮೊದಲು ಹಚ್ಚಿದರೂ ಅನಂತರ ಹಚ್ಚಿದರೂ ಕೂದಲಿನ ಪ್ರೋಟೀನು ನಷ್ಟವನ್ನು ಗಮನಾರ್ಹವಾಗಿ ತಗ್ಗಿಸಿದ್ದು ತೆಂಗಿನೆಣ್ಣೆಯೊಂದೇ. ಈ ಸಂಸ್ಥೆ ಸ್ವತಃ ತೆಂಗಿನೆಣ್ಣೆ ಮಾರುವಂಥದು ಎಂಬುದನ್ನು ಗಮನದಲ್ಲಿಡಬೇಕು. ಆದರೂ ಅವರು ನೀಡಿದ ಕಾರಣ ತರ್ಕಬದ್ಧವಾಗಿದೆ. ತೆಂಗಿನೆಣ್ಣೆಯಲ್ಲಿ ಸುಮಾರು ಅರ್ಧದಷ್ಟಿರುವ ಲಾರಿಕ್ ಆಮ್ಲದ ಅಣು ಚಿಕ್ಕದು, ನೇರವಾದದ್ದು. ಹೀಗಾಗಿ ಅದು ಎಳೆಯ ಒಳಕ್ಕೆ ಇಳಿಯಬಲ್ಲದು. ಒಳಗೆ ಎಣ್ಣೆ ಇದ್ದರೆ ನೀರಿಗೆ ಎಡೆ ಕಡಿಮೆ, ಉಬ್ಬುವುದೂ ಕಡಿಮೆ. ಖನಿಜ ತೈಲ ಹೊರಗಷ್ಟೇ ಲೇಪವಾಗಿ ಹೊಳಪು ಕೊಡುತ್ತದೆ.

ಹರಳೆಣ್ಣೆ ಬಹಳ ಮಂದ. ಹಾಗೆಯೇ ಹಚ್ಚಿದರೆ ಕೂದಲು ಅಂಟಿಕೊಂಡು, ಕೆಲವೊಮ್ಮೆ ಬಿಡಿಸಲಾಗದಷ್ಟು ಸಿಕ್ಕುಗಟ್ಟಿದ ಪ್ರಸಂಗಗಳೂ ವರದಿಯಾಗಿವೆ. ಆದುದರಿಂದ ಸ್ವಲ್ಪವನ್ನು ತೆಂಗಿನೆಣ್ಣೆಗೆ ಬೆರೆಸುವುದು ಲೇಸು. ಉತ್ತರ ಭಾರತದಲ್ಲಿ ಬಳಕೆಯಲ್ಲಿರುವ ಸಾಸಿವೆ ಎಣ್ಣೆಯ ಘಾಟು ಕೆಲವರ ಚರ್ಮಕ್ಕೆ ಉರಿ ತರಬಹುದು. ಕರಿಬೇವು, ನೆಲ್ಲಿಕಾಯಿ, ಗರುಗದ ಸೊಪ್ಪು ಹಾಕಿ ಎಣ್ಣೆ ಕಾಯಿಸುವವರು ಸೊಪ್ಪಿನ ನೀರಿನಂಶವನ್ನು ನೆರಳಿನಲ್ಲಿ ಆರಿಸಿ, ಸಣ್ಣ ಉರಿಯಲ್ಲಿ ಚಟಪಟ ಸದ್ದು ನಿಲ್ಲುವವರೆಗೆ ಕಾಯಿಸಿ, ಸೋಸಿಡಬೇಕು. ನೀರಿನ ಪಸೆ ಉಳಿದರೆ ಎಣ್ಣೆ ಬೇಗ ಕೆಡುತ್ತದೆ. ಇಂಥ ಎಣ್ಣೆಯ ಪರಿಮಳ, ತಂಪು ಹಿತವೇ ಹೌದು. ಆದರೆ ಅದು ಬೋಳಾದೆಡೆಯಲ್ಲಿ ಕೂದಲು ಹುಟ್ಟಿಸುತ್ತದೆಂದು ನೆಚ್ಚುವಂತಿಲ್ಲ.

ಹಚ್ಚುವ ಕ್ರಮ

ತಲೆಸ್ನಾನಕ್ಕೆ ಒಂದೆರಡು ಗಂಟೆ ಮೊದಲು, ವಾರಕ್ಕೆ ಒಂದೋ ಎರಡೋ ಸಲ, ಒಂದೆರಡು ಚಮಚ ಎಣ್ಣೆ ಸಾಕು. ನೆತ್ತಿಯ ಮೇಲೆ ಸುರಿಯುವುದಕ್ಕಿಂತ ಕೂದಲಿನ ಉದ್ದಕ್ಕೂ, ವಿಶೇಷವಾಗಿ ತುದಿಗೆ ಸವರಬೇಕು. ಬೆರಳ ತುದಿಯಿಂದ ಮೃದುವಾಗಿ ಒತ್ತಿದರೆ ಸಾಕು. ಬಲವಾಗಿ ತಿಕ್ಕಿದರೆ ಸಡಿಲವಾದ ಕೂದಲು ಇನ್ನಷ್ಟು ಬರುತ್ತದೆ. ದಿಲ್ಲಿ, ಪುಣೆಗಳ ಚಳಿಗೆ ಎಣ್ಣೆ ಹೆಪ್ಪುಗಟ್ಟಿದರೆ ಬಾಟಲಿಯನ್ನು ಬಿಸಿನೀರಿನಲ್ಲಿಡಿರಿ; ನೇರವಾಗಿ ಒಲೆಯ ಮೇಲೆ ಬೇಡ. ಒದ್ದೆ ಕೂದಲನ್ನು ಟವೆಲಿನಿಂದ ಉಜ್ಜದೆ ಒತ್ತಿ ಒರೆಸಿರಿ. ಅಗಲ ಹಲ್ಲಿನ ಬಾಚಣಿಗೆಯಿಂದ, ತುದಿಯ ಸಿಕ್ಕು ಬಿಡಿಸುತ್ತ ಮೇಲಕ್ಕೆ ಸಾಗಿರಿ. ಟ್ಯಾಂಕರಿನ ಅಥವಾ ಬೋರ್‌ವೆಲ್‌ನ ಗಡಸು ನೀರು ಬರುವ ಕಟ್ಟಡಗಳಲ್ಲಿ ಸಾಬೂನು ಕಿಟ್ಟವಾಗಿ ಕೂದಲಿಗೆ ಅಂಟುತ್ತದೆ. ಅಂಥ ನೀರಿಗೆ ಶಾಂಪೂ ಮೇಲು.

ಬಾಟಲಿಯ ಮೇಲಿನ ಸಣ್ಣಕ್ಷರಗಳನ್ನೂ ಓದಿರಿ. ಬ್ಯಾಂಕಿಗೆ ಬರುವ ಗ್ರಾಹಕರಿಗೆ ಓದಿ ಸಹಿ ಹಾಕಿ ಎಂದು ದಿನವೂ ಹೇಳುವ ನಾನೇ ಆ ದುಬಾರಿ ಬಾಟಲಿಯ ಚೀಟಿ ಓದಿರಲಿಲ್ಲ. ಅದರಲ್ಲಿ ಮೊದಲ ಹೆಸರು ಲಿಕ್ವಿಡ್ ಪ್ಯಾರಾಫಿನ್, ಅಂದರೆ ಖನಿಜ ತೈಲ! ಮುಖಪುಟದ ಚಿತ್ರದಲ್ಲಿದ್ದ ಗಿಡಮೂಲಿಕೆಗಳೆಲ್ಲ ಪಟ್ಟಿಯ ಕೊನೆಯಲ್ಲಿದ್ದವು.

ಎಣ್ಣೆಯನ್ನು ನಿಲ್ಲಿಸಬೇಕಾದಾಗ

ತಲೆಹೊಟ್ಟು, ತುರಿಕೆ ಇರುವವರು ನೆತ್ತಿಗೆ ಎಣ್ಣೆ ಹಚ್ಚದಿರುವುದು ಒಳಿತು. ಹೊಟ್ಟಿಗೆ ಸಂಬಂಧಿಸಿದ ಮಲಸೇಜಿಯ ಎಂಬ ಶಿಲೀಂಧ್ರಕ್ಕೆ ಜಿಡ್ಡೇ ಆಹಾರ. ನಾಣ್ಯದಾಕಾರದಲ್ಲಿ ಕೂದಲು ಬೋಳಾದರೆ, ಬೈತಲೆ ಅಗಲವಾಗುತ್ತ ಹೋದರೆ, ಕೂದಲುದುರುವುದರ ಜೊತೆಗೆ ಆಯಾಸ, ತೂಕದಲ್ಲಿ ಏರುಪೇರು, ಮುಟ್ಟಿನ ವ್ಯತ್ಯಯಗಳಿದ್ದರೆ ವೈದ್ಯರಲ್ಲಿಗೆ ಹೋಗಬೇಕು. ರಕ್ತಹೀನತೆ, ಥೈರಾಯ್ಡ್ ತೊಂದರೆಗಳು ಹೀಗೆ ಕೂದಲಿನ ಮೂಲಕವೇ ಸುಳಿವು ಕೊಡುವುದುಂಟು. ಟೈಫಾಯ್ಡ್, ಡೆಂಗ್ಯೂ, ಹೆರಿಗೆ, ದೊಡ್ಡ ಶಸ್ತ್ರಚಿಕಿತ್ಸೆಗಳ ಎರಡು ಮೂರು ತಿಂಗಳ ಬಳಿಕ ಉದುರುವ ಕೂದಲು ಬಹುತೇಕ ಆರು ತಿಂಗಳೊಳಗೆ ತಾನಾಗಿ ಹತೋಟಿಗೆ ಬರುತ್ತದೆ, ಗಾಬರಿ ಬೇಡ. ವಂಶಪಾರಂಪರ್ಯವಾಗಿ ಬರುವ ಗಂಡಸರ ಬೋಳುತಲೆಗೆ ಎಣ್ಣೆ ಮದ್ದಲ್ಲ. ಅದಕ್ಕೆ ಚಿಕಿತ್ಸೆ ಬೇಕೆನಿಸಿದರೆ ತಜ್ಞರ ಸಲಹೆಯೇ ದಾರಿ.

ಮಾತ್ರೆ ಹಾಗೂ ಸರಿಯಾದ ಆಹಾರದಿಂದ ನನ್ನ ಮಗಳ ಹಣೆಯಂಚಿನಲ್ಲಿ ಕೆಲವು ತಿಂಗಳಲ್ಲಿ ಹೊಸ ಕೂದಲು ಚಿಗುರಿತು, ಏದುಸಿರೂ ನಿಂತಿತು. ಭಾನುವಾರ ಅವಳ ಜಡೆಗೆ ನಾನು ಈಗಲೂ ಎಣ್ಣೆ ಹಚ್ಚುತ್ತೇನೆ. ಹಳೆಯ ಕೂದಲು ಮುರಿಯದಿರಲೆಂದು ಒಂದು ಕಾರಣ. ತಾಯಿ ಮಗಳು ಅರ್ಧ ಗಂಟೆ ಒಟ್ಟಿಗೆ ಕೂರಲು ಈ ಮಹಾನಗರದಲ್ಲಿ ಬೇರೆ ನೆಪ ಸಿಗದು ಎಂಬುದು ಇನ್ನೊಂದು. ಎಣ್ಣೆ ಹಚ್ಚುವ ಕೈ ಬಾಚಣಿಗೆಯಲ್ಲಿ ಬಂದ ಕೂದಲನ್ನೂ ಒಮ್ಮೆ ಪರೀಕ್ಷಿಸಿ ನೋಡಲಿ. ಬುಡದ ಗಂಟಿನೊಂದಿಗೆ ಅದು ದಿನವೂ ರಾಶಿಯಾಗಿ ಬರುತ್ತಿದ್ದರೆ ಬಾಟಲಿಯನ್ನು ಪಕ್ಕಕ್ಕಿಟ್ಟು ವೈದ್ಯರನ್ನು ಕಾಣುವುದೇ ಜಾಣತನ.