ಠಾಣೆಗೆ ಬರುವ ದುಡ್ಡು, ಕೋರ್ಟಿಗೆ ಬರುವ ದುಡ್ಡು

2024ರ ಜುಲೈ. ಚನ್ನಗಿರಿ ತಾಲ್ಲೂಕಿನ ಸಂತೆಬೆನ್ನೂರು ಕಡೆ ಒಂದು ಕೊಲೆಯಾಗಿತ್ತು. ದಾವಣಗೆರೆ ಶ್ವಾನದಳದ ತುಂಗಾ-2 ವಾಸನೆ ಹಿಡಿದು ಮಳೆಯಲ್ಲೇ ಸುಮಾರು 8 ಕಿಲೋಮೀಟರ್ ಓಡಿ ಒಂದು ಮನೆಯ ಮುಂದೆ ನಿಂತಿತು. ಒಳಗೆ ಗಂಡನೊಬ್ಬ ಹೆಂಡತಿಯನ್ನು ಬಡಿಯುತ್ತಿದ್ದ. ಆಕೆಯ ಜೀವ ಉಳಿಯಿತು, ಕೊಲೆಯ ಆರೋಪಿಯೂ ಅವನೇ ಎಂದು ಗೊತ್ತಾಯಿತು.

ಆ ನಾಯಿಯ ಊಟ, ಔಷಧಿ, ಅದರ ಹಿಂದೆ ಓಡಿದ ಪೊಲೀಸರ ಸಂಬಳ, ಜೀಪಿನ ಡೀಸೆಲ್ ಎಲ್ಲಕ್ಕೂ ಯಾರೋ ದುಡ್ಡು ಕೊಟ್ಟಿರಬೇಕಲ್ಲ? ಸಂವಿಧಾನದ ಏಳನೇ ಅನುಸೂಚಿಯಲ್ಲಿ ಪೊಲೀಸ್ ಇರುವುದು ರಾಜ್ಯ ಪಟ್ಟಿಯಲ್ಲಿ. ಹಾಗಾಗಿ ಹೊನ್ನಾಳಿ ಠಾಣೆಯ ಕಾನ್‌ಸ್ಟೆಬಲ್ ಸಂಬಳ ಬರುವುದು ರಾಜ್ಯದ ಗೃಹ ಇಲಾಖೆಯ ಬಜೆಟ್‌ನಿಂದ. ಕೇಂದ್ರದ ಅನುದಾನ ಅದರ ಮೇಲೊಂದು ಒತ್ತಾಸೆ. 1969ರಿಂದ ನಡೆದುಬಂದ ಪೊಲೀಸ್ ಆಧುನೀಕರಣ ಯೋಜನೆಯಲ್ಲಿ ನಮ್ಮಂಥ ರಾಜ್ಯಗಳಿಗೆ ಕೇಂದ್ರ 60, ರಾಜ್ಯ 40 ಎಂಬ ಪಾಲು. ಶಸ್ತ್ರಾಸ್ತ್ರ, ವೈರ್‌ಲೆಸ್, ವಿಧಿವಿಜ್ಞಾನ ಸಲಕರಣೆ ಬರುವುದು ಹೀಗೆ. ಕೊಟ್ಟಿದ್ದನ್ನು ಖರ್ಚು ಮಾಡಿ ಯುಸಿ, ಅಂದರೆ ಬಳಕೆ ಪ್ರಮಾಣಪತ್ರ, ಕಳಿಸದಿದ್ದರೆ ಮುಂದಿನ ಕಂತು ನಿಲ್ಲುತ್ತದೆ. ದೆಹಲಿಯ ಅತ್ಯಾಚಾರ ಪ್ರಕರಣದ ನಂತರ 2013ರಲ್ಲಿ 1,000 ಕೋಟಿ ರೂಪಾಯಿಯಿಂದ ಶುರುವಾದ ನಿರ್ಭಯಾ ನಿಧಿ ಇನ್ನೊಂದು ಮೂಲ. 112ಕ್ಕೆ ಕರೆ ಮಾಡಿದರೆ ಗಾಡಿ ಬರುವ ವ್ಯವಸ್ಥೆಗೆ ಅದರ ದುಡ್ಡು ಸೇರಿದೆ.

ಆದರೆ ಸಲಕರಣೆಯೊಂದರಿಂದಲೇ ಕೇಸು ಬಗೆಹರಿಯುವುದಿಲ್ಲ. 2024ರ ಅಕ್ಟೋಬರ್‌ನಲ್ಲಿ ನ್ಯಾಮತಿಯ ಎಸ್‌ಬಿಐ ಶಾಖೆಯಿಂದ ಸುಮಾರು 17 ಕಿಲೋ ಚಿನ್ನ ಕಳುವಾಯಿತು. ಕಳ್ಳರು ಕಿಟಕಿಯ ಸರಳು ತೆಗೆದು ಒಳನುಗ್ಗಿ, ಗ್ಯಾಸ್ ಕಟರ್‌ನಿಂದ ಲಾಕರ್ ಕೊಯ್ದು, ಖಾರದ ಪುಡಿ ಚೆಲ್ಲಿ, ಸಿಸಿಟಿವಿ ದಾಖಲೆಯ ಪೆಟ್ಟಿಗೆಯನ್ನೂ ಹೊತ್ತೊಯ್ದಿದ್ದರು. ಅಡವಿಟ್ಟ ಆ ಚಿನ್ನದಲ್ಲಿ ಎಷ್ಟು ಮನೆಯ ಹೆಣ್ಣುಮಕ್ಕಳ ಸರ, ಬಳೆ ಇದ್ದವೋ! ತಿಂಗಳುಗಟ್ಟಲೆ ಅಲೆದ ಪೊಲೀಸರು 2025ರ ಮಾರ್ಚ್‌ನಲ್ಲಿ ತಮಿಳುನಾಡಿನ ಉಸಿಲಂಪಟ್ಟಿ ಕಡೆಯ ಬಾವಿಯೊಂದರಿಂದ ಹೆಚ್ಚಿನ ಪಾಲು ಚಿನ್ನ ಮೇಲೆತ್ತಿದರು. ಇಂಥ ಅಲೆದಾಟಕ್ಕೆ ಬಸ್ಸು, ಲಾಡ್ಜು, ಊಟ, ಡೀಸೆಲ್ ಬೇಕು. ತನಿಖೆಯ ಖರ್ಚಿಗೆ ಠಾಣಾಧಿಕಾರಿಯ ಕೈಯಲ್ಲಿ ಮುಂಗಡ ಇರಲೇಬೇಕು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಕಿಸೆಯಿಂದ ಹಾಕಿ ಆಮೇಲೆ ಬಿಲ್ಲು ಕೊಡಿ ಎನ್ನುವ ಕಡೆ, ಬಡವರ ಮನೆಯ ಕಳವು ಕಡತದಲ್ಲೇ ಮಲಗಿಬಿಡುತ್ತದೆ.

ನ್ಯಾಯಕ್ಕೆ ಬರುವ ಸರ್ಕಾರದ ದುಡ್ಡಿನಲ್ಲಿ ಜನರಿಗೆ ಅತಿ ಕಡಿಮೆ ಗೊತ್ತಿರುವುದು ಕೋರ್ಟಿನ ಆವರಣದಲ್ಲಿದೆ. 1987ರ ಕಾನೂನು ಸೇವಾ ಪ್ರಾಧಿಕಾರ ಕಾಯ್ದೆ ಜಾರಿಗೆ ಬಂದದ್ದು 1995ರ ನವೆಂಬರ್ 9ರಂದು. ಅದರಡಿ ತಾಲ್ಲೂಕು ಮಟ್ಟದ ಸಮಿತಿಗೆ ನ್ಯಾಯಾಧೀಶರೇ ಅಧ್ಯಕ್ಷರು. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ, ಪಂಗಡದವರು, ಕಸ್ಟಡಿಯಲ್ಲಿರುವವರು ತಮ್ಮ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರನ್ನು ಕೇಳಬಹುದು. ಕಾಯ್ದೆ ಹೆಸರಿಸಿದ ಇಂಥ ಯಾವ ವರ್ಗಕ್ಕೂ ಸೇರದವರಿಗೆ ಆದಾಯದ ಮಿತಿಯಿದೆ. ವಕೀಲರ ಫೀಸಷ್ಟೇ ಅಲ್ಲ, ಕೋರ್ಟ್ ಶುಲ್ಕವೂ ಇದರಲ್ಲೇ ಸೇರುತ್ತದೆ.

ಜಗಳೂರಿನ ಕೂಲಿ ಹೆಣ್ಣುಮಗಳೊಬ್ಬಳು ಜೀವನಾಂಶಕ್ಕಾಗಿ ಕೋರ್ಟಿನ ಮೆಟ್ಟಿಲು ಹತ್ತಬೇಕಾದರೆ ಇದ್ದೊಂದು ಮೇಕೆ ಮಾರಬೇಕಿಲ್ಲ. ಆ ಸಮಿತಿಯ ಕೋಣೆ ಎಲ್ಲಿದೆಯೆಂದು ಕೇಳಿದರಾಯಿತು. ಅರ್ಜಿ ಬರೆಯಲು ಬಾರದಿದ್ದರೆ ಬಾಯಲ್ಲಿ ಹೇಳಿದ್ದನ್ನು ಅಲ್ಲಿಯವರೇ ಬರೆದುಕೊಳ್ಳಬೇಕು. ಊರಿಂದಲೇ ವಿಚಾರಿಸುವವರಿಗೆ ಫೋನ್ ಸಂಖ್ಯೆ 15100.