ಹಳೆಯ ಕಾರಿನ ಗಡಗಡ ಸದ್ದು: ಗೇರ್‌ಬಾಕ್ಸ್ ಬಿಚ್ಚಿಸುವ ಮುನ್ನ ಕ್ಲಚ್ ಒತ್ತಿ ನೋಡಿ

ಕೂಡ್ಲಿಗಿ: ಹದಿನೈದು ವರ್ಷ ದಾಟಿದ ಕಾರು ಗಡಗಡ ಸದ್ದು ಮಾಡತೊಡಗಿದರೆ ಮಾಲೀಕನ ಎದೆಯಲ್ಲಿಯೂ ಅದೇ ಸದ್ದು ಶುರುವಾಗುತ್ತದೆ. ಸಡಿಲವಾದ ಒಂದು ತಗಡಿನಿಂದಲೂ ಆ ಸದ್ದು ಬರಬಹುದು, ಸವೆದ ಗೇರ್‌ಬಾಕ್ಸ್‌ನಿಂದಲೂ ಬರಬಹುದು. ಮೊದಲನೆಯದು ಒಂದು ಕ್ಲಿಪ್ಪಿನಲ್ಲಿ ಮುಗಿಯುವ ಕೆಲಸ. ಎರಡನೆಯದು ಕಾರಿಗೆ ಇಂದು ಸಿಗುವ ಬೆಲೆಯ ದೊಡ್ಡ ಪಾಲನ್ನೇ ನುಂಗಬಲ್ಲದು. ಇವೆರಡರ ವ್ಯತ್ಯಾಸ ತಿಳಿಯಲು ಕಂಪ್ಯೂಟರ್ ಬೇಕಿಲ್ಲ. ಸದ್ದು ಎಲ್ಲಿಂದ ಬರುತ್ತಿದೆ ಎಂದು ಹುಡುಕುವ ಮೊದಲು ಅದು ಯಾವಾಗ ಬರುತ್ತಿದೆ ಎಂಬುದನ್ನು ಗಮನಿಸಿದರೆ ಅರ್ಧ ಕೆಲಸ ಮುಗಿದಂತೆ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳು 2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಗೆ ಸೇರಿವೆ. ಇಲ್ಲಿ ಹೊಸಪೇಟೆಯ ಕೆಎ 35 ಫಲಕದ ಹಳೆಯ ಕಾರುಗಳ ಜತೆಗೆ ದಾವಣಗೆರೆಯ ಕೆಎ 17 ಫಲಕದವೂ ಓಡುತ್ತವೆ. 1997ರಿಂದ ಸುಮಾರು ಎರಡು ದಶಕ ಹರಪನಹಳ್ಳಿ ತಾಲ್ಲೂಕು ದಾವಣಗೆರೆ ಜಿಲ್ಲೆಯಲ್ಲಿತ್ತು. ಬಯಲುಸೀಮೆಯ ಬಿಸಿಲಿಗೆ ರಬ್ಬರ್ ಬುಷ್‌ಗಳು ಒಣಗಿ ಬಿರಿಯುತ್ತವೆ, ಒಳರಸ್ತೆಗಳ ದೂಳು ಕೀಲುಗಳಲ್ಲಿ ಸೇರುತ್ತದೆ, ಊರೂರಿನ ಹಂಪ್‌ಗಳು ಸಸ್ಪೆನ್ಷನ್ನನ್ನು ಸವೆಸುತ್ತವೆ. ಆದ್ದರಿಂದ ಹಳೆಯ ಕಾರಿನಲ್ಲಿ ಸದ್ದು ಹುಟ್ಟುವುದು ಅಚ್ಚರಿಯಲ್ಲ. ಅದನ್ನು ತಪ್ಪಾಗಿ ಓದುವುದರಿಂದಲೇ ನಷ್ಟ.

ಮೊದಲು ಡಿಕ್ಕಿ ಖಾಲಿ ಮಾಡಿ

ಪರೀಕ್ಷೆಯ ಮೊದಲ ಹಂತಕ್ಕೆ ಖರ್ಚೇ ಇಲ್ಲ. ಜಾಕ್, ಪಾನಾ, ಸ್ಟೆಪ್ನಿ, ನೀರಿನ ಬಾಟಲಿ, ಸೀಟಿನ ಕೆಳಗೆ ಉರುಳುವ ಡಬ್ಬಿ ಎಲ್ಲವನ್ನೂ ಹೊರಗೆ ತೆಗೆದು ಒಂದು ಸುತ್ತು ಓಡಿಸಬೇಕು. ನಂಬರ್ ಪ್ಲೇಟ್, ಬ್ಯಾಟರಿಯ ಹಿಡಿಕೆ, ಬಾನೆಟ್‌ನ ಕೊಂಡಿ ಸಡಿಲವಾಗಿವೆಯೇ ಎಂದು ಕೈಯಿಂದ ಅಲ್ಲಾಡಿಸಿ ನೋಡಬೇಕು. ಓಡುವಾಗ ಗೇರ್ ಲಿವರ್ ಮೇಲೆ ಕೈಯಿಟ್ಟೊಡನೆ ಸದ್ದು ನಿಂತರೆ ಲಿವರ್‌ನ ಬುಡದಲ್ಲಿರುವ ಬುಷ್ ಸವೆದಿರುವ ಸಾಧ್ಯತೆ ಹೆಚ್ಚು. ಅದಕ್ಕಾಗಿ ಗೇರ್‌ಬಾಕ್ಸ್ ಇಳಿಸಬೇಕಾಗಿಲ್ಲ.

ಕ್ಲಚ್ ಪೆಡಲ್ ಹೇಳುವ ಸತ್ಯ

ಎರಡನೆಯ ಹಂತ ಮ್ಯಾನ್ಯುವಲ್ ಗೇರ್ ಕಾರುಗಳಿಗೆ ಮಾತ್ರ ಸಾಧ್ಯವಾದ ಪರೀಕ್ಷೆ. ಬಯಲಿನಲ್ಲಿ ಕಾರು ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ನ್ಯೂಟ್ರಲ್‌ನಲ್ಲಿ ಎಂಜಿನ್ ಓಡಲು ಬಿಡಬೇಕು. ಮುಚ್ಚಿದ ಶೆಡ್ಡಿನಲ್ಲಿ ಈ ಪರೀಕ್ಷೆ ಸಲ್ಲದು. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಪ್ರಾಣಾಂತಿಕ.

ಪೆಡಲ್ ಮೇಲಿದ್ದಾಗ ಎಂಜಿನ್ನಿನ ತಿರುಗುವಿಕೆ ಕ್ಲಚ್ ಪ್ಲೇಟ್ ಮೂಲಕ ಗೇರ್‌ಬಾಕ್ಸ್‌ನ ಮೊದಲ ಶಾಫ್ಟ್‌ಗೆ ತಲುಪುತ್ತದೆ. ಕಾರು ನಿಂತಿದ್ದರೂ ಒಳಗಿನ ಕೆಲವು ಗೇರ್‌ಗಳು ತಿರುಗುತ್ತಲೇ ಇರುತ್ತವೆ. ಪೆಡಲ್ ಒತ್ತಿದಾಗ ಆ ಸಂಪರ್ಕ ತಪ್ಪುತ್ತದೆ, ಶಾಫ್ಟ್ ನಿಲ್ಲುತ್ತದೆ. ಆಗ ಹೊರೆ ಬೀಳುವುದು ರಿಲೀಸ್ ಬೇರಿಂಗ್ ಮೇಲೆ.

ಹೀಗಾಗಿ ಪೆಡಲ್ ಒತ್ತಿದೊಡನೆ ಸದ್ದು ನಿಂತರೆ ಸಂಶಯ ಗೇರ್‌ಬಾಕ್ಸ್‌ನ ಬೇರಿಂಗ್, ಅದರ ಆಯಿಲ್ ಮಟ್ಟ ಅಥವಾ ಕ್ಲಚ್ ಪ್ಲೇಟಿನ ಸ್ಪ್ರಿಂಗ್‌ಗಳ ಮೇಲೆ. ಪೆಡಲ್ ಒತ್ತಿದಾಗಲೇ ಸದ್ದು ಆರಂಭವಾದರೆ ಸಂಶಯ ರಿಲೀಸ್ ಬೇರಿಂಗ್ ಮೇಲೆ. ಒತ್ತಿದರೂ ಬಿಟ್ಟರೂ ವ್ಯತ್ಯಾಸವಿಲ್ಲದಿದ್ದರೆ ಕ್ಲಚ್ ಮತ್ತು ಗೇರ್‌ಬಾಕ್ಸ್ ಬಹುಮಟ್ಟಿಗೆ ನಿರ್ದೋಷಿಗಳು; ಬೇರೆಡೆ ಹುಡುಕಬೇಕು.

ನ್ಯೂಟ್ರಲ್‌ನಲ್ಲಿ ಕೇಳುವ ಪ್ರತಿ ಕಟಕಟ ಸದ್ದೂ ರೋಗವಲ್ಲ. ಎಂಜಿನ್ನಿನ ಶಕ್ತಿ ಒಂದೇ ಹರಿವಿನಂತೆ ಬರದೆ ಏಟುಗಳಂತೆ ಬರುತ್ತದೆ. 2014ರಲ್ಲಿ ಉತ್ಪಾದನೆ ನಿಂತ ಮಾರುತಿ 800ರ ಮೂರು ಸಿಲಿಂಡರ್ ಎಂಜಿನ್ ನಿಮಿಷಕ್ಕೆ 800 ಸುತ್ತು ತಿರುಗುವಾಗ ಸೆಕೆಂಡಿಗೆ 20 ಬಾರಿ ಇಂಧನ ಉರಿಯುತ್ತದೆ. ನಾಲ್ಕು ಸಿಲಿಂಡರ್ ಆದರೆ ಸುಮಾರು 27 ಬಾರಿ. ಪ್ರತಿ ಏಟಿಗೂ ಹೊರೆಯಿಲ್ಲದ ಗೇರ್ ಹಲ್ಲುಗಳು ಒಂದಕ್ಕೊಂದು ತಾಗುತ್ತವೆ. ಕ್ಲಚ್ ಪ್ಲೇಟಿನ ಸ್ಪ್ರಿಂಗ್‌ಗಳು ಈ ಏಟನ್ನು ಮೆತ್ತಗಾಗಿಸುತ್ತವೆ. ಅವು ಸೋತರೆ ಅಥವಾ ಐಡ್ಲಿಂಗ್ ವೇಗ ತೀರಾ ಇಳಿದರೆ ಸದ್ದು ಹೆಚ್ಚುತ್ತದೆ. ಆದ್ದರಿಂದ ಮೊದಲು ಐಡ್ಲಿಂಗ್ ಸರಿಪಡಿಸಿ, ಗೇರ್ ಆಯಿಲ್ ಪರೀಕ್ಷಿಸುವುದು ಜಾಣತನ.

ನಿಂತಲ್ಲೇ ಝಣಝಣ

ಕಾರು ನಿಂತಿರುವಾಗ ಆಕ್ಸಿಲರೇಟರ್ ನಿಧಾನವಾಗಿ ಒತ್ತಿದರೆ ಒಂದು ನಿರ್ದಿಷ್ಟ ವೇಗದಲ್ಲಿ ಮಾತ್ರ ತಗಡು ಝಣಗುಟ್ಟಿ, ಅದನ್ನು ದಾಟಿದಾಗ ಸುಮ್ಮನಾಗುವುದುಂಟು. ಇದು ಬಹುತೇಕ ಸೈಲೆನ್ಸರ್ ಕೊಳವೆಯ ಮೇಲಿನ ಶಾಖ ತಡೆಯುವ ತಗಡು. ಅದರ ಬೋಲ್ಟು ತುಕ್ಕು ಹಿಡಿದಿರುತ್ತದೆ. ಎಂಜಿನ್ ಪೂರ್ತಿ ತಣಿದ ಬಳಿಕ ಕೊಳವೆಯನ್ನು ಮುಷ್ಟಿಯಿಂದ ಮೆಲ್ಲನೆ ತಟ್ಟಿದರೆ ಅದೇ ಸದ್ದು ಕೇಳಿಸುತ್ತದೆ. ಕೆಟಲಿಟಿಕ್ ಕನ್ವರ್ಟರ್ ತಟ್ಟಿದಾಗ ಒಳಗೆ ಕಲ್ಲು ಉರುಳಿದಂತಾದರೆ ಅದರ ಒಳಭಾಗ ಒಡೆದಿದೆ ಎಂದರ್ಥ.

ಕುಟುಂಬ ಸಮೇತ ಹೊರಟಾಗ ಮಾತ್ರ ಸದ್ದು ಕೇಳಿದರೆ ಸೈಲೆನ್ಸರ್ ತೂಗುಹಾಕಿದ ರಬ್ಬರ್ ತುಂಡಾಗಿ ಕೊಳವೆ ಕಾರಿನ ತಳಕ್ಕೆ ತಾಗುತ್ತಿರಬಹುದು. ಫೆಬ್ರುವರಿ ಹೊತ್ತಿಗೆ ಕೊಟ್ಟೂರು, ಮೈಲಾರ ಜಾತ್ರೆಗಳಿಗೆ ಕಾರು ತುಂಬಿಸಿಕೊಂಡು ಹೊರಡುವವರು ಇದನ್ನು ಮೊದಲೇ ನೋಡಿಸುವುದು ಲೇಸು.

ಎಂಜಿನ್ನಿನ ದನಿ

ಬೆಳಗಿನ ಮೊದಲ ಸ್ಟಾರ್ಟ್‌ನಲ್ಲಿ ಒಂದೆರಡು ಸೆಕೆಂಡು ಟಿಕ್ ಟಿಕ್ ಎಂದು ನಿಂತರೆ ಆಯಿಲ್ ಮೇಲೇರುವವರೆಗಿನ ಸದ್ದಿರಬಹುದು. ನಿಲ್ಲದಿದ್ದರೆ ಡಿಪ್‌ಸ್ಟಿಕ್ ತೆಗೆದು ಆಯಿಲ್ ಮಟ್ಟ ನೋಡಬೇಕು. ಬಳಿಕ ಟ್ಯಾಪೆಟ್, ಟೈಮಿಂಗ್ ಚೈನ್ ಸರದಿ. ಹಂಪ್ ದಾಟಿದ ಮೇಲೂ ನಾಲ್ಕನೇ ಗೇರ್‌ನಲ್ಲೇ 25 ಕಿ.ಮೀ. ವೇಗದಲ್ಲಿ ಆಕ್ಸಿಲರೇಟರ್ ತುಳಿದರೆ ಗಡಗಡ ಎನ್ನುವುದು ಯಂತ್ರದ ದೋಷಕ್ಕಿಂತ ಹೆಚ್ಚಾಗಿ ಚಾಲಕನ ಅಭ್ಯಾಸ. ಗೇರ್ ಇಳಿಸಿದರೆ ಸದ್ದು ಹೋಗುತ್ತದೆ. ಆದರೆ ಎಂಜಿನ್ನಿನ ಆಳದಿಂದ ಸುತ್ತಿಗೆಯ ಹೊಡೆತದಂಥ ಸದ್ದು ಬಂದು, ವೇಗದೊಂದಿಗೆ ಹೆಚ್ಚಿದರೆ ಅಥವಾ ಆಯಿಲ್ ದೀಪ ಹೊತ್ತಿದರೆ ಎಂಜಿನ್ ಆರಿಸಿ, ಕಾರನ್ನು ಎಳೆಸಿಕೊಂಡೇ ಒಯ್ಯಬೇಕು.

ಓಡುವಾಗ ಮಾತ್ರ ಬಂದರೆ

ಖಾಲಿಯಾದ ಸಮತಟ್ಟು ರಸ್ತೆಯಲ್ಲಿ 40 ಕಿ.ಮೀ. ವೇಗದಲ್ಲಿ ಕೆಲ ಕ್ಷಣ ಕ್ಲಚ್ ಒತ್ತಿ ಹಿಡಿಯಬೇಕು. ಎಂಜಿನ್ ವೇಗ ಇಳಿದಾಗ ಸದ್ದೂ ಇಳಿದರೆ ಮೂಲ ಎಂಜಿನ್ ಕಡೆಗಿದೆ. ಚಕ್ರದ ವೇಗದೊಂದಿಗೇ ಮುಂದುವರಿದರೆ ಮೂಲ ಚಕ್ರ, ಬೇರಿಂಗ್, ಬ್ರೇಕ್ ಕಡೆಗಿದೆ. ಓಡುತ್ತಿರುವಾಗ ಕೀಲಿ ಆರಿಸಿ ಪರೀಕ್ಷಿಸುವುದು ಅಪಾಯಕಾರಿ. ಬ್ರೇಕಿಗೆ ಎಂಜಿನ್ನಿನಿಂದ ಸಿಗುವ ನೆರವು ತಪ್ಪುತ್ತದೆ, ಕೀಲಿ ತೆಗೆದರೆ ಸ್ಟಿಯರಿಂಗ್ ಬಿಗಿಯಬಹುದು. ವಾಹನದಟ್ಟಣೆಯ ರಾಷ್ಟ್ರೀಯ ಹೆದ್ದಾರಿ 50 ಇಂಥ ಪರೀಕ್ಷೆಗೆ ತಕ್ಕ ಜಾಗವಲ್ಲ.

ಗುಂಡಿ, ಹಂಪ್‌ಗಳಲ್ಲಿ ಲೊಟಲೊಟ ಎಂದರೆ ಸ್ಟೆಬಿಲೈಸರ್ ಲಿಂಕ್, ಬುಷ್, ಬಾಲ್ ಜಾಯಿಂಟ್ ಅಥವಾ ಶಾಕ್ ಅಬ್ಸಾರ್ಬರ್ ಸವೆದಿವೆ. ಬ್ರೇಕನ್ನು ಹಗುರವಾಗಿ ಒತ್ತಿದೊಡನೆ ಸದ್ದು ನಿಂತರೆ ಬ್ರೇಕ್ ಪ್ಯಾಡ್ ಅಲ್ಲಾಡುತ್ತಿದೆ. ಸ್ಟಿಯರಿಂಗ್ ಪೂರ್ತಿ ತಿರುಗಿಸಿ ಹೊರಟಾಗ ಕಟ್ ಕಟ್ ಎಂದರೆ ಮುಂದಿನ ಚಕ್ರಕ್ಕೆ ಶಕ್ತಿ ಒಯ್ಯುವ ಆಕ್ಸಲ್ ಜಾಯಿಂಟ್ ಸವೆದಿದೆ. ಟೈರು ಬದಲಿಸಿದ ಮರುದಿನವೇ ಸದ್ದು ಹುಟ್ಟಿದರೆ ಮೊದಲು ಚಕ್ರದ ನಟ್ಟುಗಳನ್ನು ಬಿಗಿ ಮಾಡಬೇಕು.

ಕಾಯಬಹುದಾದದ್ದು, ಕಾಯಬಾರದ್ದು

ಶಾಖದ ತಗಡು, ಲಿವರ್ ಬುಷ್, ನ್ಯೂಟ್ರಲ್‌ನ ಸಣ್ಣ ಕಟಕಟ ಸದ್ದುಗಳು ಮುಂದಿನ ಸರ್ವಿಸ್‌ವರೆಗೆ ಕಾಯುತ್ತವೆ. ಬಾಲ್ ಜಾಯಿಂಟ್, ಬ್ರೇಕ್, ಚಕ್ರದ ನಟ್ಟು, ಎಂಜಿನ್ನಿನ ಆಳದ ಹೊಡೆತ ಕಾಯುವುದಿಲ್ಲ. ಬಾಲ್ ಜಾಯಿಂಟ್ ಕಳಚಿದರೆ ಚಕ್ರವೇ ವಾಲಿಬಿಡುತ್ತದೆ. ಕಾರಿನಡಿ ನೋಡಬೇಕಾದಾಗ ಕೇವಲ ಜಾಕ್ ನಂಬಿ ಯಾರೂ ನುಸುಳಬಾರದು.

ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿದು, ಬಳಿಕ ಐದೈದು ವರ್ಷಕ್ಕೊಮ್ಮೆ ತಪಾಸಣೆಯೊಂದಿಗೆ ನವೀಕರಣವಾಗಬೇಕು. 2022ರ ಏಪ್ರಿಲ್ 1ರಂದು ನವೀಕರಣ ಶುಲ್ಕ 600 ರೂಪಾಯಿಯಿಂದ 5,000 ರೂಪಾಯಿಗೆ ಏರಿತು. ಇಷ್ಟು ತೆತ್ತು ಉಳಿಸಿಕೊಂಡ ಕಾರಿಗೆ ಬೇಡದ ದುರಸ್ತಿಯ ಹೊರೆ ಸೇರಬಾರದು.

ಗ್ಯಾರೇಜಿಗೆ ಹೋದಾಗ ‘ಕಾರು ಸದ್ದು ಮಾಡುತ್ತಿದೆ’ ಎಂದಷ್ಟೇ ಹೇಳುವ ಬದಲು ಎಂಜಿನ್ ತಣ್ಣಗಿತ್ತೇ ಬಿಸಿಯಿತ್ತೇ, ನಿಂತಾಗಲೋ ಓಡುವಾಗಲೋ, ಕ್ಲಚ್ ಒತ್ತಿದಾಗ ಏನಾಯಿತು, ಎಷ್ಟು ವೇಗದಲ್ಲಿ ಎಂಬ ನಾಲ್ಕು ಸಂಗತಿ ಬರೆದುಕೊಂಡು ಹೋಗಬೇಕು. ಮೆಕ್ಯಾನಿಕ್‌ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಸದ್ದು ಕೇಳಿಸಬೇಕು. ರಿಲೀಸ್ ಬೇರಿಂಗ್ ಕೆಟ್ಟಿರುವುದು ಖಚಿತವಾದರೆ ಕ್ಲಚ್ ಪ್ಲೇಟ್, ಪ್ರೆಷರ್ ಪ್ಲೇಟ್‌ಗಳನ್ನೂ ಆಗಲೇ ಪರೀಕ್ಷಿಸಿ, ಸವೆದಿದ್ದರೆ ಒಟ್ಟಿಗೆ ಬದಲಿಸುವುದು ಲಾಭಕರ. ಗೇರ್‌ಬಾಕ್ಸ್ ಇಳಿಸುವ ಕೂಲಿ ಎರಡು ಬಾರಿ ತೆರುವುದು ತಪ್ಪುತ್ತದೆ. ಹೊಸ ಬೇರಿಂಗ್ ಬಾಳಬೇಕಾದರೆ ಓಡಿಸುವಾಗ ಕ್ಲಚ್ ಪೆಡಲ್ ಮೇಲೆ ಕಾಲು ಇಟ್ಟುಕೊಂಡೇ ಇರುವ ರೂಢಿಯನ್ನು ಬಿಡಬೇಕು.