ಮೂರು ಜ್ವರಕ್ಕೊಂದು ಚುಚ್ಚುಮದ್ದು

ಬೇಸಿಗೆ ರಜೆ ಹತ್ತಿರವಾದಂತೆ ಚಿಕಾಗೋದ ವಿದ್ಯಾರಣ್ಯ ಕನ್ನಡ ಕೂಟದವರಿರಲಿ, ಡೆಟ್ರಾಯಿಟ್‌ನ ಪಂಪ ಕನ್ನಡ ಕೂಟದವರಿರಲಿ, ಎದುರು ಸಿಕ್ಕಾಗ ಕೇಳುವ ಪ್ರಶ್ನೆ ಒಂದೇ: “ಊರಿಗೆ ಯಾವಾಗ ಹೊರಟಿರಿ?” ಟಿಕೆಟ್ಟಿನ ದರ, ಸೂಟ್‌ಕೇಸಿನ ತೂಕ, ಎಲ್ಲದರ ಮಾತೂ ಆಗುತ್ತದೆ. “ಟೈಫಾಯ್ಡ್ ಚುಚ್ಚುಮದ್ದು ಹಾಕಿಸಿದಿರಾ?” ಎಂದು ನಾನು ಕೇಳಿದರೆ ಮಾತ್ರ ನಗುತ್ತಾರೆ. “ಹುಟ್ಟಿ ಬೆಳೆದ ಊರು, ನಮಗೇನಾಗುತ್ತೆ ಬಿಡಿ ಸಾರ್!” ಈ ಉತ್ತರವೇ ನನ್ನಿಂದ ಈ ಲೇಖನ ಬರೆಸಿತು.

ಟೈಫಾಯ್ಡ್ ಅಥವಾ ವಿಷಮಶೀತ ಜ್ವರ ಬರೀ ನಮ್ಮ ಊರಿನ ಕಾಯಿಲೆಯಲ್ಲ. ಚಿಕಾಗೋ ಒಂದು ಕಾಲದಲ್ಲಿ ತನ್ನ ಕೊಳಚೆಯನ್ನು ನದಿಗೆ ಬಿಡುತ್ತಿತ್ತು, ನದಿ ಮಿಶಿಗನ್ ಸರೋವರ ಸೇರುತ್ತಿತ್ತು, ಜನ ಆ ಸರೋವರದ ನೀರನ್ನೇ ಕುಡಿಯುತ್ತಿದ್ದರು. 1891ರ ಒಂದೇ ವರ್ಷ ಇಲ್ಲಿ ಸುಮಾರು 2,000 ಜನ ಟೈಫಾಯ್ಡ್‌ನಿಂದ ಸತ್ತರು. 1900ರ ಜನವರಿಯಲ್ಲಿ ಕಾಲುವೆ ತೆರೆದು ನದಿಯನ್ನೇ ಹಿಂದಕ್ಕೆ ಹರಿಸಲಾಯಿತು. ನಾವು ದೋಣಿಯಲ್ಲಿ ಕುಳಿತು ಫೋಟೋ ತೆಗೆಸಿಕೊಳ್ಳುವ ನದಿಯ ಕಥೆ ಇದು!

ಡೆಟ್ರಾಯಿಟ್ ಕಡೆಗೂ ಇಂಥದೇ ನಂಟಿದೆ. 1898ರ ಸ್ಪೇನ್ ಯುದ್ಧದ ವೇಳೆ ಅಮೆರಿಕದ ಸೇನಾ ಶಿಬಿರಗಳಲ್ಲಿ 20,000ಕ್ಕೂ ಹೆಚ್ಚು ಸೈನಿಕರಿಗೆ ಟೈಫಾಯ್ಡ್ ಬಂದು ಸುಮಾರು 1,600 ಮಂದಿ ತೀರಿಕೊಂಡರು. ಗುಂಡೇಟಿಗೆ ಸತ್ತವರಿಗಿಂತ ಇದು ಎಷ್ಟೋ ಪಟ್ಟು ಹೆಚ್ಚು. ಕಾರಣ ಹುಡುಕಿದ ಮೂವರಲ್ಲಿ ಒಬ್ಬರು ಆನ್ ಆರ್ಬರ್‌ನ ಮಿಶಿಗನ್ ವಿಶ್ವವಿದ್ಯಾಲಯದ ವೈದ್ಯಕೀಯ ವಿಭಾಗದ ಮುಖ್ಯಸ್ಥ ವಿಕ್ಟರ್ ವಾನ್. ನೀರು ಮಾತ್ರವಲ್ಲ, ನೊಣಗಳು ಮತ್ತು ಕೊಳಕು ಕೈಗಳೂ ರೋಗ ಹರಡುತ್ತವೆ ಎಂದು ಅವರು ತೋರಿಸಿದರು.

ಅಷ್ಟರಲ್ಲಿ, 1896ರಲ್ಲಿ, ಇಂಗ್ಲೆಂಡಿನ ಆಲ್‌ಮ್ರಾತ್ ರೈಟ್ ಹಾಗೂ ಜರ್ಮನಿಯ ಫೈಫರ್ ಮತ್ತು ಕೋಲೆ ಸತ್ತ ಟೈಫಾಯ್ಡ್ ರೋಗಾಣುಗಳನ್ನು ಚುಚ್ಚಿ ನೋಡಿದ್ದರು. ಅಮೆರಿಕದ ಸೇನೆಯಲ್ಲಿ ಫ್ರೆಡರಿಕ್ ರಸೆಲ್ 1909ರಲ್ಲಿ ಇದನ್ನು ಆರಂಭಿಸಿದರು, 1911ರಲ್ಲಿ ಕಡ್ಡಾಯವಾಯಿತು. ಆದರೆ ಟೈಫಾಯ್ಡ್‌ಗೆ ಎರಡು ದಾಯಾದಿಗಳಿದ್ದವು: ಪ್ಯಾರಾಟೈಫಾಯ್ಡ್ ಎ ಮತ್ತು ಬಿ. ಜ್ವರದ ಲಕ್ಷಣ ಒಂದೇ, ರೋಗಾಣು ಬೇರೆ. ಒಂದರ ಚುಚ್ಚುಮದ್ದು ಇನ್ನೊಂದನ್ನು ತಡೆಯುತ್ತಿರಲಿಲ್ಲ.

ಇದಕ್ಕೆ ದಾರಿ ತೋರಿಸಿದವರಲ್ಲಿ ಪ್ರಮುಖರು ಕೊಲಂಬೋದಲ್ಲಿದ್ದ ಇಟಲಿಯ ವೈದ್ಯ ಆಲ್ಡೋ ಕ್ಯಾಸ್ಟೆಲಾನಿ. ಎರಡು ಮೂರು ಬಗೆಯ ರೋಗಾಣುಗಳನ್ನು ಒಟ್ಟಿಗೆ ಚುಚ್ಚಿದರೂ ದೇಹ ಒಂದೊಂದಕ್ಕೂ ಪ್ರತಿಕಾಯ ತಯಾರಿಸುತ್ತದೆ ಎಂಬುದು ಅವರು ಕಂಡ ಸತ್ಯ. ಈ ಮೂರರ ಮಿಶ್ರಣವೇ ‘ಟಿ.ಎ.ಬಿ.’ 1916ರಲ್ಲಿ ಬ್ರಿಟಿಷ್ ಸೇನೆ, 1917ರಲ್ಲಿ ಅಮೆರಿಕದ ಸೇನೆ ಅದನ್ನು ಬಳಕೆಗೆ ತಂದವು. 1903ರಲ್ಲಿ ಅಮೆರಿಕ ಸರ್ಕಾರದಿಂದ ಲಸಿಕೆ ಮತ್ತು ಸೀರಂ ತಯಾರಿಕೆಯ ಮೊದಲನೇ ನಂಬರಿನ ಪರವಾನಗಿ ಪಡೆದಿದ್ದ ಡೆಟ್ರಾಯಿಟ್‌ನ ಪಾರ್ಕ್-ಡೇವಿಸ್ ಕಂಪನಿಯೂ ಇಂಥ ಮಿಶ್ರ ಲಸಿಕೆ ಮಾರಿತು. ಮೊದಲ ಮಹಾಯುದ್ಧದಲ್ಲಿ ಸುಮಾರು 40 ಲಕ್ಷ ಅಮೆರಿಕನ್ ಸೈನಿಕರಲ್ಲಿ ಟೈಫಾಯ್ಡ್ ಬಂದದ್ದು 2,000ಕ್ಕೂ ಕಡಿಮೆ ಜನಕ್ಕೆ. ಶುದ್ಧ ನೀರಿಗೂ ಇದರಲ್ಲಿ ಪಾಲುಂಟು.

ನನ್ನ ವಯಸ್ಸಿನವರಿಗೆ ಟಿ.ಎ.ಬಿ. ನೆನಪಿರಬಹುದು. ಊರ ಜಾತ್ರೆಗೆ ಮುಂಚೆ ಶಾಲೆಯಲ್ಲಿ ಸಾಲಾಗಿ ನಿಲ್ಲಿಸಿ ‘ಇನಾಕ್ಯುಲೇಷನ್’ ಮಾಡುತ್ತಿದ್ದರು. ರಟ್ಟೆ ಬಾತು, ಮೈ ಕಾದು, ಎರಡು ದಿನ ಗಂಜಿಯೇ ಗತಿ. ಈ ಉಪದ್ರವದಿಂದಲೂ, ಎ ಮತ್ತು ಬಿ ಭಾಗಗಳು ಕೆಲಸ ಮಾಡುತ್ತವೆಂಬುದಕ್ಕೆ ಗಟ್ಟಿ ಪುರಾವೆ ಸಿಗದಿದ್ದರಿಂದಲೂ ಅದು ಕ್ರಮೇಣ ಮೂಲೆ ಸೇರಿತು.

ಈಗ ಅಮೆರಿಕದಲ್ಲಿ ಸಿಗುವ ಚುಚ್ಚುಮದ್ದಿನಲ್ಲಿ ಇರುವುದು ಟೈಫಾಯ್ಡ್ ರೋಗಾಣುವಿನ ‘ವಿಐ’ ಎಂಬ ಹೊರಪದರದ ಅಂಶ ಮಾತ್ರ. ನೋವು ಕಡಿಮೆ. ಆದರೆ ಪ್ಯಾರಾಟೈಫಾಯ್ಡ್ ‘ಎ’ಗೆ ಆ ಪದರವೇ ಇಲ್ಲ, ಹಾಗಾಗಿ ಅದರಿಂದ ರಕ್ಷಣೆಯೂ ಇಲ್ಲ. ಕ್ಯಾಸ್ಟೆಲಾನಿ ಹಿಡಿದ ದಾರಿಗೆ ವಿಜ್ಞಾನ ಮತ್ತೆ ಬಂದಿದೆ: ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ ತಯಾರಿಸಿದ, ಟೈಫಾಯ್ಡ್ ಮತ್ತು ಪ್ಯಾರಾಟೈಫಾಯ್ಡ್ ‘ಎ’ ಎರಡಕ್ಕೂ ಉದ್ದೇಶಿಸಿದ ಹೊಸ ಲಸಿಕೆಯ ಮೊದಲ ಹಂತದ ಪರೀಕ್ಷೆಯ ಫಲಿತಾಂಶ 2024ರಲ್ಲಿ ಪ್ರಕಟವಾಯಿತು.

ಅದು ಕೈಗೆ ಬರುವತನಕ ನಮ್ಮ ಎಚ್ಚರಿಕೆ ನಮ್ಮದು. ಅಮೆರಿಕದಲ್ಲಿ ಪತ್ತೆಯಾಗುವ ಟೈಫಾಯ್ಡ್ ರೋಗಿಗಳಲ್ಲಿ ಹೆಚ್ಚಿನವರು ಪ್ರವಾಸದಿಂದ ಮರಳಿದವರು. ಅವರಲ್ಲೂ ಬಹಳ ಮಂದಿ ದಕ್ಷಿಣ ಏಷ್ಯಾದಲ್ಲಿ ನೆಂಟರಿಷ್ಟರನ್ನು ನೋಡಿಬಂದ ನಮ್ಮಂಥವರೇ. ಹುಟ್ಟಿದ ಊರೆಂದು ರೋಗಾಣು ರಿಯಾಯಿತಿ ತೋರುವುದಿಲ್ಲ. ಇಲ್ಲಿ ಹುಟ್ಟಿದ ಮಕ್ಕಳಿಗಂತೂ ಇಲ್ಲವೇ ಇಲ್ಲ. ಎರಡು ವರ್ಷ ದಾಟಿದ ಮಕ್ಕಳಿಗೂ ದೊಡ್ಡವರಿಗೂ ಹೊರಡುವ ಎರಡು ವಾರ ಮೊದಲೇ ಚುಚ್ಚುಮದ್ದು ಹಾಕಿಸಿ. ಎರಡು ವರ್ಷವಾದ ಮೇಲೆ ಮತ್ತೆ ಹಾಕಿಸಬೇಕು. ಅದೂ ಪೂರ್ಣ ಕವಚವಲ್ಲ. ಕಾಯಿಸಿದ ನೀರು, ಬಿಸಿ ಊಟ, ತೊಳೆದ ಕೈ ಇರಲೇಬೇಕು. ಮರಳಿ ಬಂದ ಮೇಲೆ ಜ್ವರ ಬಂದು ಇಳಿಯದಿದ್ದರೆ, ಚುಚ್ಚುಮದ್ದು ಆಗಿದೆಯೆಂದು ಸುಮ್ಮನಿರಬೇಡಿ. “ಇಂಡಿಯಾಕ್ಕೆ ಹೋಗಿದ್ದೆವು” ಎಂದು ಡಾಕ್ಟರಿಗೆ ಮೊದಲು ಹೇಳಿ. ರಕ್ತದ ಕಲ್ಚರ್ ಪರೀಕ್ಷೆ ಬೇಕೇ ಎಂದು ಕೇಳಿ. ಆ ಒಂದು ಮಾತು ಜೀವ ಉಳಿಸಬಹುದು.